ಮೂರು ವರ್ಷ ಗೈರೋ ಕಂಟ್ರೋಲರ್ ಬಳಸಿದ ಮೇಲೆ: ಆಫ್ ಮಾಡಿಟ್ಟವನೇ ಈಗ ಬಿಡಲಾರೆ

ಈ ಗೇಮ್ ಕಂಟ್ರೋಲರ್ ಕೈಗೆ ಬಂದು ಮೂರು ವರ್ಷ ದಾಟಿತು. ಮೊದಲ ಎರಡು ತಿಂಗಳು ಇದರೊಳಗಿನ ಗೈರೋ, ಅಂದ್ರೆ ಕೈ ತಿರುಗಿದ್ದನ್ನು ಗುರುತಿಸುವ ಮೋಷನ್ ಸೆನ್ಸರ್ ಕಡೆ ನಾನು ತಲೆ ಹಾಕಿಯೂ ಮಲಗಲಿಲ್ಲ. ಯಾವ ಆಟ ಹಾಕಿದರೂ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಗೈರೋ ಆಫ್ ಮಾಡುತ್ತಿದ್ದೆ. 2006ರಲ್ಲಿ ನಿಂಟೆಂಡೊ ವೀ ಅನ್ನೋ ಗೇಮ್ ಕನ್ಸೋಲ್ ಬಂದಾಗಿನಿಂದ ಮೋಷನ್ ಕಂಟ್ರೋಲ್ ಅಂದ್ರೆ ನನಗೆ ನೆನಪಾಗುತ್ತಿದ್ದದ್ದು ಒಂದೇ: ಸೋಫಾ ಪಕ್ಕಕ್ಕೆ ತಳ್ಳಿ, ಟಿವಿ ಮುಂದೆ ನಿಂತು ಕೈ ಬೀಸುವುದು. ಅರ್ಧ ಗಂಟೆ ಮಜಾ, ಆಮೇಲೆ ಭುಜ ನೋವು.

ಒಂದು ಸಲ ಆಟ ಅಪ್‌ಡೇಟ್ ಆಗಿ ಸೆಟ್ಟಿಂಗ್ಸ್ ಎಲ್ಲಾ ಮೊದಲಿನಂತಾಗಿತ್ತು. ನಾನು ಗಮನಿಸಿರಲಿಲ್ಲ. ದೂರದಲ್ಲಿದ್ದ ಶತ್ರುವಿಗೆ ಬಾಣ ಹೂಡಿದೆ. ಗುರಿ ಅವನ ತಲೆಯಿಂದ ಒಂದು ಉಗುರಿನಷ್ಟು ಎಡಕ್ಕಿತ್ತು. ಹೆಬ್ಬೆರಳಲ್ಲಿ ತಳ್ಳುವ ಸ್ಟಿಕ್‌ನಲ್ಲಾದರೆ ಇಲ್ಲಿಂದ ನನ್ನ ಒದ್ದಾಟ ಶುರು: ಸ್ವಲ್ಪ ತಳ್ಳಿದರೆ ಅಲ್ಲಾಡಲ್ಲ, ಇನ್ನೊಂಚೂರು ತಳ್ಳಿದರೆ ತಲೆ ದಾಟಿ ಬಲಕ್ಕೆ, ವಾಪಸ್ ತಂದರೆ ಮತ್ತೆ ಎಡಕ್ಕೆ. ಅವತ್ತು ಹಾಗಾಗಲಿಲ್ಲ. ಗೊತ್ತಿಲ್ಲದೆಯೇ ಕೈ ಒಂಚೂರು ಬಲಕ್ಕೆ ತಿರುಗಿತು, ಗುರಿ ಹೋಗಿ ತಲೆಯ ಮೇಲೆ ಕೂತಿತು. ಬಾಣ ಬಿಟ್ಟ ಮೇಲೆಯೇ ಏನಾಯ್ತು ಅಂತ ಗೊತ್ತಾಗಿದ್ದು.

ಯೋಚಿಸಿದರೆ ಇದರಲ್ಲಿ ಆಶ್ಚರ್ಯವೇನಿಲ್ಲ. ಸ್ಟಿಕ್ ತಳ್ಳಿದಾಗ ನಾವು ಹೇಳುವುದು 'ಎಷ್ಟು ವೇಗವಾಗಿ ತಿರುಗು' ಅಂತ, 'ಎಲ್ಲಿಗೆ ತಿರುಗು' ಅಂತ ಅಲ್ಲ. ಸರಿಯಾದ ಜಾಗಕ್ಕೆ ಬಂದಾಗ ಬಿಡುವುದು ನಮ್ಮ ಕೆಲಸ. ಅದೂ ಒಂದೆರಡು ಸೆಂಟಿಮೀಟರ್ ಕೂಡ ಓಡಾಡದ ಒಂದು ಕಡ್ಡಿಯಲ್ಲಿ. ಅದಕ್ಕೇ ಅಲ್ವಾ ಎಷ್ಟೋ ಶೂಟಿಂಗ್ ಆಟಗಳು ಕಂಟ್ರೋಲರ್‌ನಲ್ಲಿ ಆಡುವವರಿಗೆ ಏಮ್ ಅಸಿಸ್ಟ್, ಅಂದ್ರೆ ಗುರಿ ಹಿಡಿಯಲು ಆಟದ್ದೇ ಸಹಾಯ, ಕೊಡುವುದು? ಗೈರೋ ಹಾಗಲ್ಲ. ಕೈ ಎಷ್ಟು ತಿರುಗಿತೋ ಗುರಿಯೂ ಆ ಲೆಕ್ಕದಲ್ಲೇ ತಿರುಗುತ್ತದೆ, ಕೈ ನಿಂತರೆ ನಿಲ್ಲುತ್ತದೆ. ಮೌಸ್‌ನ ಹಾಗೆ.

ಮೂರು ವರ್ಷದಲ್ಲಿ ನನಗೆ ಅರ್ಥವಾದ ದೊಡ್ಡ ವಿಷಯ ಇದೇ. ದೊಡ್ಡ ತಿರುವು ಹೆಬ್ಬೆರಳಿಗೆ ಬಿಡಿ, ಕೊನೆಯ ಆ ಉಗುರಿನಷ್ಟು ದೂರವನ್ನು ಮಣಿಕಟ್ಟಿಗೆ ಕೊಡಿ. ಕೈ ಬೀಸುವ ಮಾತೇ ಇಲ್ಲ. ಪಕ್ಕದಲ್ಲಿ ಕೂತವರಿಗೆ ನಾನು ಗೈರೋ ಬಳಸುತ್ತಿದ್ದೇನೆ ಅಂತ ಗೊತ್ತೂ ಆಗಲ್ಲ. 2015ರಲ್ಲಿ ಬಂದ, ಗೈರೋದಲ್ಲಿ ಗುರಿ ಹಿಡಿಯುವ ಸ್ಪ್ಲಾಟೂನ್ ಆಟ ಆಡಿದವರಿಗೆ ಇದೆಲ್ಲ ಹಳೇ ಸುದ್ದಿ. ನಾನು ತಡವಾಗಿ ಬಂದವನು.

ಈಗ ಸೆಟ್ಟಿಂಗ್ಸ್ ವಿಷಯ. ಶುರುವಿನಲ್ಲಿ ನಾನು ಸೆನ್ಸಿಟಿವಿಟಿಯನ್ನು ತುಂಬಾ ಕಡಿಮೆ ಇಟ್ಟಿದ್ದೆ, ಭಯಕ್ಕೆ. ಒಂದು ವಾರಕ್ಕೇ ಮಣಿಕಟ್ಟು ನೋಯಲು ಶುರುವಾಯ್ತು, ಯಾಕಂದ್ರೆ ಸಣ್ಣ ತಿರುವಿಗೂ ಕೈ ತುಂಬಾ ತಿರುಗಿಸಬೇಕಿತ್ತು. ಈಗ ಮೂರು ಪಟ್ಟು ಇಟ್ಟಿದ್ದೇನೆ: ಕೈ 10 ಡಿಗ್ರಿ ತಿರುಗಿದರೆ ಆಟದಲ್ಲಿ 30 ಡಿಗ್ರಿ. ಎಡ ಟ್ರಿಗರ್ ಒತ್ತಿ ಗುರಿ ಹಿಡಿದಾಗ ಮಾತ್ರ ಗೈರೋ ಆನ್ ಆಗುತ್ತದೆ. ಇಲ್ಲದಿದ್ದರೆ ನೀರು ಕುಡಿಯಲು ಕೈ ಎತ್ತಿದರೂ ಪಾತ್ರ ಆಕಾಶ ನೋಡುತ್ತದೆ. ಮೊಣಕೈ ತೊಡೆಗೋ ಕುರ್ಚಿಯ ಕೈಗೋ ಆನಿಸಿ ಕೂರುವುದು ಮುಖ್ಯ.

ಫ್ಲಿಕ್ ಸ್ಟಿಕ್ ಅನ್ನೋ ವಿಧಾನವೂ ಇದೆ. ಬಲ ಸ್ಟಿಕ್ ಯಾವ ದಿಕ್ಕಿಗೆ ತಳ್ಳುತ್ತೀರೋ ಪಾತ್ರ ಥಟ್ಟನೆ ಆ ಕಡೆ ತಿರುಗುತ್ತದೆ, ಉಳಿದದ್ದೆಲ್ಲ ಗೈರೋ ನೋಡಿಕೊಳ್ಳುತ್ತದೆ. ಎರಡು ವಾರ ಪ್ರಯತ್ನಪಟ್ಟೆ. ತಲೆ ಸುತ್ತಿತು, ಬಿಟ್ಟೆ.

ಇನ್ನು ತಕರಾರು. ದೊಡ್ಡದು ಡ್ರಿಫ್ಟ್. ಗೈರೋ ಆನ್ ಇದ್ದರೆ, ಕಂಟ್ರೋಲರ್ ಮೇಜಿನ ಮೇಲೆ ಸುಮ್ನೆ ಇದ್ದರೂ ಆಟದ ನೋಟ ನಿಧಾನಕ್ಕೆ ಎಡಕ್ಕೆ ಜಾರುತ್ತಿರುತ್ತದೆ. ಗೈರೋ ಒಳಗೆ ತಿರುಗುವ ಚಕ್ರ ಇದೆ ಅಂತ ನಾನು ಅಂದುಕೊಂಡಿದ್ದೆ. ಹಾಗೇನಿಲ್ಲ. ಸಿಲಿಕಾನ್‌ನ ಒಂದು ಪುಟ್ಟ ತುಣುಕು ಸದಾ ಕಂಪಿಸುತ್ತಿರುತ್ತದೆ. ಕಂಟ್ರೋಲರ್ ತಿರುಗಿದಾಗ ಅದನ್ನು ಪಕ್ಕಕ್ಕೆ ಎಳೆದಂತಾಗುತ್ತದೆ, ಆ ಎಳೆತ ಅಳೆದು ಸೆನ್ಸರ್ ತಿರುಗಿದ ವೇಗ ಹೇಳುತ್ತದೆ. ಆ ವೇಗವನ್ನು ಕೂಡುತ್ತಾ ಹೋದರೆ ಕೋನ ಸಿಗುತ್ತದೆ. ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಕೂಡುತ್ತಾ ಕೂಡುತ್ತಾ ಬೆಳೆಯುತ್ತದೆ. ಸೆನ್ಸರ್ ಬಿಸಿಯಾದಾಗ ಈ ತಪ್ಪು ಬದಲಾಗುವುದೂ ಉಂಟು. ಜೊತೆಗಿರುವ ಆಕ್ಸಲೆರೋಮೀಟರ್ ಅನ್ನೋ ಇನ್ನೊಂದು ಸೆನ್ಸರ್‌ಗೆ ಭೂಮಿಯ ಎಳೆತದಿಂದ ಕೆಳಗೆ ಯಾವುದು ಅಂತ ಗೊತ್ತಿರುತ್ತದೆ, ಹಾಗಾಗಿ ವಾಲುವ ತಪ್ಪನ್ನು ಅದು ತಿದ್ದಬಲ್ಲದು. ಎಡ ಬಲ ತಿರುಗುವುದನ್ನು ತಿದ್ದಲು ಅದಕ್ಕೆ ಯಾವ ಆಧಾರವೂ ಇಲ್ಲ.

ಪರಿಹಾರ ಸುಲಭ: ಗಟ್ಟಿ ಮೇಜಿನ ಮೇಲಿಟ್ಟು ಕ್ಯಾಲಿಬ್ರೇಟ್ ಮಾಡುವುದು, ಅಂದ್ರೆ ಅಲ್ಲಾಡದೆ ಇರುವುದು ಹೇಗಿರುತ್ತದೆ ಅಂತ ಸೆನ್ಸರ್‌ಗೆ ಹೇಳಿಕೊಡುವುದು. ನಾನು ಮೊದಲ ಸಲ ಅದನ್ನು ಕೈಯಲ್ಲೇ ಹಿಡಿದು ಮಾಡಿದೆ. 'ಅಲ್ಲಾಡಿಸಬೇಡಿ' ಅಂತ ಬರೆದಿತ್ತು, ನಾನೂ ಉಸಿರು ಬಿಗಿಹಿಡಿದು ಕೂತಿದ್ದೆ. ಕೈ ನಡುಗುವುದು ನಮಗೆ ಕಾಣದಿದ್ದರೂ ಸೆನ್ಸರ್‌ಗೆ ಕಾಣುತ್ತದೆ. ಮುಗಿಯುವ ಹೊತ್ತಿಗೆ ನೋಟ ಮೊದಲಿಗಿಂತ ಜಾಸ್ತಿ ಓಡುತ್ತಿತ್ತು.

ಎರಡನೇ ತಕರಾರು ಆಟ ಮಾಡುವವರ ಮೇಲೆ. ಎಷ್ಟೋ ಆಟಗಳಲ್ಲಿ ಈ ಆಯ್ಕೆಯೇ ಇಲ್ಲ. ಎಕ್ಸ್‌ಬಾಕ್ಸ್ ಸೀರೀಸ್ ಜೊತೆ ಬರುವ ಕಂಟ್ರೋಲರ್‌ನಲ್ಲಿ ಗೈರೋ ಇಲ್ಲ, ಎಲ್ಲ ಕನ್ಸೋಲ್‌ಗೂ ಒಂದೇ ಆಟ ಮಾಡುವವರು ಅದನ್ನು ಕೈಬಿಡಲು ಅದೂ ಒಂದು ಕಾರಣ ಇರಬಹುದು. ಪಿಸಿಯಲ್ಲಿ ಪರವಾಗಿಲ್ಲ. ಗೇಮ್ ಅಂಗಡಿ ಸ್ಟೀಮ್‌ನ ಕಂಟ್ರೋಲರ್ ಸೆಟ್ಟಿಂಗ್ಸ್ ಆದ ಸ್ಟೀಮ್ ಇನ್‌ಪುಟ್‌ನಲ್ಲಿ ಗೈರೋವನ್ನು ಮೌಸ್ ಆಗಿ ಬದಲಿಸಿಕೊಳ್ಳಬಹುದು. ಕೆಲವು ಆಟಗಳು ಮೌಸ್ ಮತ್ತು ಕಂಟ್ರೋಲರ್ ಒಟ್ಟಿಗೆ ಬಂದರೆ ಗಲಿಬಿಲಿಗೊಂಡು ಬಟನ್ ಚಿತ್ರಗಳನ್ನು ಪಟಪಟ ಬದಲಿಸುತ್ತಿರುತ್ತವೆ, ಅಷ್ಟು ಸಹಿಸಿಕೊಳ್ಳಬೇಕು.

ಕಂಟ್ರೋಲರ್ ವಾಲಿಸಿ ಕಾರು ಓಡಿಸುವುದು ಮಾತ್ರ ನನಗೆ ಒಗ್ಗಲಿಲ್ಲ. ತಿರುವು ಬಂದಾಗ ಮೈಯೆಲ್ಲಾ ವಾಲಿಸಿ ಆಡುವವರನ್ನು ನೀವೂ ನೋಡಿರುತ್ತೀರಿ, ನಾನೂ ಅದೇ ಜಾತಿ. ಆದರೂ ಸ್ಟಿಕ್ ಬಿಟ್ಟರೆ ಸ್ಪ್ರಿಂಗ್ ಅದನ್ನು ನಡುವಿಗೆ ತರುತ್ತದೆ. ಗಾಳಿಯಲ್ಲಿ ಹಿಡಿದ ಕೈಗೆ ನಡು ಯಾವುದು ಅಂತ ಹೇಗೆ ಗೊತ್ತಾಗಬೇಕು? ಅಲ್ಲಾಡಿಸಿ ಟಾರ್ಚ್ ಹೊತ್ತಿಸಿ, ಕುಲುಕಿ ಸ್ಪ್ರೇ ಮಾಡಿ ಅಂತ ಆಟಗಳು ಕೇಳುವಂಥದ್ದಕ್ಕೂ ಒಂದು ಬಟನ್ ಸಾಕು.

ವೈಬ್ರೇಶನ್ ಜೋರಾಗಿದ್ದರೆ ಗುರಿ ನಡುಗುತ್ತದೆ, ಅರ್ಧಕ್ಕೆ ಇಳಿಸಿದ್ದೇನೆ. 2006ರಲ್ಲಿ ಪ್ಲೇಸ್ಟೇಷನ್ 3ರ ಸಿಕ್ಸಾಕ್ಸಿಸ್ ಕಂಟ್ರೋಲರ್ ಬಂದಾಗ ಸೆನ್ಸರ್‌ಗೆ ಅಡ್ಡಿಯಾಗುತ್ತದೆ ಅಂತ ಹೇಳಿ ಸೋನಿ ವೈಬ್ರೇಶನ್ನನ್ನೇ ಬಿಟ್ಟಿತ್ತು. ಮುಂದೆ ಅದರ ಬದಲಿಗೆ ಬಂದ ಡ್ಯುಯಲ್‌ಶಾಕ್ 3ರಲ್ಲಿ ಎರಡೂ ಒಟ್ಟಿಗೆ ಬಂದವು.

ಮೂರು ವರ್ಷದ ಸವೆತದ ಲೆಕ್ಕ ಹೇಳಬೇಕಂದ್ರೆ, ಎಡ ಸ್ಟಿಕ್ ಈಗ ಹಾಳಾಗುತ್ತಿದೆ. ಮುಟ್ಟದಿದ್ದರೂ ಪಾತ್ರ ತಾನಾಗಿ ಒಂದೊಂದು ಹೆಜ್ಜೆ ಮುಂದಿಡುತ್ತದೆ. ಅದರೊಳಗೆ ಒಂದಕ್ಕೊಂದು ಉಜ್ಜುವ ಭಾಗಗಳಿವೆ, ದಿನಾ ಆಡಿದರೆ ಸವೆಯುತ್ತವೆ. ಗೈರೋದಲ್ಲಿ ಉಜ್ಜುವಂಥದ್ದು ಏನೂ ಇಲ್ಲ, ಕ್ಯಾಲಿಬ್ರೇಟ್ ಮಾಡಿದರೆ ಇವತ್ತಿಗೂ ಹೊಸದರಂತೆ ಇರುತ್ತದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಕಳೆದದ್ದು ಸ್ಟಿಕ್‌ಗೆ.