ರಿಸಲ್ಟ್ ಇಳಿದ ಮೇಲೆ ನಂಬಿಕೆ ಬಂತು: ನಮ್ಮೂರ ಸರ್ಕಾರಿ ಪ್ರೌಢಶಾಲೆಯ ಬಗ್ಗೆ

ನಮ್ಮದು ಜಮಖಂಡಿ ತಾಲ್ಲೂಕಿನ ಹೊಳೆದಂಡೆಯ ಊರು. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಮಗಳು ಇಲ್ಲಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟರಿಂದ ಹತ್ತರವರೆಗೆ ಓದಿ 2025ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದಳು. ಮಗ ಈಗ ಅಲ್ಲೇ ಒಂಬತ್ತನೇ ತರಗತಿ. ಏಳನೇತ್ತ ಮುಗಿಸಿದ ಮಕ್ಕಳ ತಾಯಂದಿರು ಬ್ಲೌಸ್ ಅಳತೆ ಕೊಡಲು ಬಂದಾಗ ತಪ್ಪದೆ ಕೇಳುತ್ತಾರೆ: "ವೈನಿ, ಆ ಸಾಲಿ ರಿಸಲ್ಟ್ ಬಿದ್ದೈತಿ ಅಂತಾರಲ್ರಿ, ಹಾಕಬೇಕೋ ಬ್ಯಾಡೋ?" ಹಾಕ್ರಿ ಅಂತಲೇ ನಾನು ಹೇಳುವುದು. ಯಾಕೆ ಹೇಳುತ್ತೇನೆ, ಎಲ್ಲೆಲ್ಲಿ ಎಚ್ಚರ ಇರಬೇಕು ಎಂಬುದನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ರಿಸಲ್ಟ್ ಬಿದ್ದದ್ದು ನಿಜ. ಆದರೆ ನಮ್ಮ ಶಾಲೆಯದೊಂದೇ ಬೀಳಲಿಲ್ಲ. 2023ರಲ್ಲಿ ಇಡೀ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ (ಕೊಠಡಿಯಲ್ಲಿ ನಡೆಯುವುದನ್ನು ಅಧಿಕಾರಿಗಳು ದೂರದಿಂದಲೇ ನೇರ ನೋಡುವುದು) ಶುರುವಾಯಿತು, ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ ಬಂದ ಅಂಕಿ. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ತೆಗೆದರು. ಪರೀಕ್ಷೆ 1ರ, ಅಂದರೆ ವರ್ಷದ ಮೊದಲ ಪರೀಕ್ಷೆಯ, ಫಲಿತಾಂಶ ಶೇ 62.34. ಎರಡು ವರ್ಷದಲ್ಲಿ ರಾಜ್ಯದ ಮಕ್ಕಳೆಲ್ಲ ದಡ್ಡರಾಗಲಿಲ್ಲ, ಮಾಸ್ತರರು ಕಲಿಸುವುದನ್ನೂ ಮರೆಯಲಿಲ್ಲ. ಪರೀಕ್ಷೆ ಬಿಗಿಯಾಯಿತು. ಪರೀಕ್ಷೆ ದಿನ ಕಿಟಕಿ ಹತ್ತಿ ಚೀಟಿ ಒಗೆಯುವುದನ್ನು ನೋಡಿ ಬೆಳೆದವಳು ನಾನು. ಹಾಗೆ ಪಾಸಾದ ಹುಡುಗರು ಪಿಯುಸಿಯಲ್ಲಿ ಸೈನ್ಸ್ ತಗೊಂಡು, ಮೊದಲ ವರ್ಷವೇ ಕೈಬಿಟ್ಟು ಬಂದದ್ದನ್ನೂ ನೋಡಿದ್ದೇನೆ. ಅದಕ್ಕೇ ಕ್ಯಾಮೆರಾ ಮುಂದೆ ಬಂದ ಅಂಕಿಯ ಮೇಲೆ ನನಗೆ ಹೆಚ್ಚು ಭರವಸೆ. ಅದೇ ಕ್ಯಾಮೆರಾ ವರ್ಷ, 2024ರಲ್ಲಿ, ನಮ್ಮದೇ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ, ರೈತರ ಮಗಳು, 625ಕ್ಕೆ 625 ತಗೊಂಡು ರಾಜ್ಯಕ್ಕೆ ಮೊದಲಿಗಳಾದಳು. ಸರ್ಕಾರಿ ಶಾಲೆಯಲ್ಲಿ ಏನು ಕಲಿಸುತ್ತಾರೆ ಅಂತ ಕೇಳುವವರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಇನ್ನು ನಮ್ಮ ಶಾಲೆಯ ವಿಷಯ. ಆ ವರ್ಷ ಜೂನ್‌ನಲ್ಲಿ ಪಾಲಕರ ಸಭೆ ಕರೆದರು. ಹೆಡ್ ಮಾಸ್ತರರು ಕ್ಯಾಮೆರಾ ಮೇಲೆ ತಪ್ಪು ಹೊರಿಸುತ್ತಾರೆ ಅಂದುಕೊಂಡು ಹೋದವರೇ ಹೆಚ್ಚು. ಅವರು ವಿಷಯವಾರು ಪಟ್ಟಿಯನ್ನು ಗೋಡೆಗೆ ಅಂಟಿಸಿ ನೇರವಾಗಿ ಹೇಳಿದರು: "ಗಣಿತ, ಇಂಗ್ಲಿಷ್ ಎರಡರಾಗ ನಮ್ಮ ಹುಡುಗ್ರು ಬಿದ್ದಾರ್ರಿ. ಎಂಟನೇತ್ತಕ್ಕ ಬರೂಮುಂದನ ಭಾಗಾಕಾರ ಬರಂಗಿಲ್ಲ ಅವ್ರಿಗೆ. ಹತ್ತನೇತ್ತದಾಗ ಬಡದಾಡಿದ್ರ ಏನೂ ಆಗಂಗಿಲ್ಲ, ಎಂಟರಿಂದನ ಹಿಡೀಬೇಕು." ಒಂದು ಸರ್ಕಾರಿ ಶಾಲೆ ತನ್ನ ಕೊರತೆಯನ್ನು ಪಾಲಕರ ಮುಂದೆ ಹೀಗೆ ಬಿಚ್ಚಿಟ್ಟದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಎಂಟನೇ ತರಗತಿಗೆ ಸೇರಿದ ಮಕ್ಕಳಿಗೆ ಜೂನ್‌ನಲ್ಲಿ ಸೇತುಬಂಧ ಅಂತ ಮಾಡುತ್ತಾರೆ. ಮೊದಲು ನೈದಾನಿಕ ಪರೀಕ್ಷೆ ಇಟ್ಟು ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ನೋಡಿ, ಹಿಂದಿನ ತರಗತಿಯ ಪಾಠ ತುಂಬಿಸಿ, ಆಮೇಲೆ ಸಾಫಲ್ಯ ಪರೀಕ್ಷೆ. ಇದು ಎಲ್ಲ ಶಾಲೆಗಳಲ್ಲೂ ಇರುವ ಕಾರ್ಯಕ್ರಮ. ಆದರೆ ಎಷ್ಟೋ ಕಡೆ ದಾಖಲೆ ಪುಸ್ತಕ ತುಂಬಿದರೆ ಮುಗಿಯಿತು. ನನ್ನ ಮಗ ಎಂಟಕ್ಕೆ ಸೇರಿದಾಗ ಅವನ ನೈದಾನಿಕ ಪರೀಕ್ಷೆಯ ಹಾಳೆ ಮನೆಗೆ ಬಂತು, ಸಹಿ ಮಾಡಿ ಕಳಿಸಿ ಅಂತ. ಭಿನ್ನರಾಶಿ ಕೂಡಿಸಲು ಬರುವುದಿಲ್ಲ, ಇಂಗ್ಲಿಷ್ ವಾಕ್ಯ ಓದುತ್ತಾನೆ, ಅರ್ಥ ಹೇಳುವುದಿಲ್ಲ ಅಂತ ಬರೆದಿದ್ದರು. ಏಳು ವರ್ಷ 'ಎ ಗ್ರೇಡ್' ಅಂತ ಪ್ರಗತಿ ಪತ್ರ ನೋಡಿದ ನನಗೆ ಎದೆ ಧಸಕ್ಕೆಂದಿತು. ಆದರೂ ಅದು ನಿಜವಾದ ಮಾತು.

ಶಾಲೆಯ ಅತಿ ದೊಡ್ಡ ಬಲ ಗಣಿತ ಕಲಿಸುವ ಅಕ್ಕೋರು. ಅವರು ಉತ್ತರ ಪತ್ರಿಕೆ ತಿದ್ದುವ ರೀತಿಯನ್ನು ಇಲ್ಲಿ ಹೇಳಲೇಬೇಕು. ಘಟಕ ಪರೀಕ್ಷೆಯಿಂದ ಹಿಡಿದು ಪೂರ್ವಸಿದ್ಧತಾ ಪರೀಕ್ಷೆಯವರೆಗೆ, ಅಂಕ ಹೋದಲ್ಲೆಲ್ಲ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ಪದ ಬರೆಯುತ್ತಾರೆ: 'ಸೂತ್ರ', 'ಲೆಕ್ಕ' ಅಥವಾ 'ಪ್ರಶ್ನೆ'. ಸೂತ್ರವೇ ಗೊತ್ತಿಲ್ಲದಿದ್ದರೆ ಮೊದಲನೆಯದು. ಸೂತ್ರ ಸರಿ ಬರೆದು ಕೂಡಿಸಿ ಕಳೆಯುವಲ್ಲಿ ತಪ್ಪಿದ್ದರೆ ಎರಡನೆಯದು. ಪ್ರಶ್ನೆಯನ್ನು ಸರಿಯಾಗಿ ಓದದೆ ಬೇರೇನೋ ಬರೆದಿದ್ದರೆ ಮೂರನೆಯದು. ಕೊನೆಯ ಪುಟದಲ್ಲಿ ಮೂರನ್ನೂ ಎಣಿಸಿ ಮಕ್ಕಳೇ ಬರೆಯಬೇಕು. ನನ್ನ ಮಗಳ ಹಾಳೆಯಲ್ಲಿ 'ಸೂತ್ರ' ಒಂದೂ ಇರುತ್ತಿರಲಿಲ್ಲ, 'ಲೆಕ್ಕ' ಮಾತ್ರ ತುಂಬಿರುತ್ತಿತ್ತು. ವರ್ಗ ಸಮೀಕರಣ ಬಿಡಿಸುವಾಗ ಋಣ ಚಿಹ್ನೆಯನ್ನು ಒಂದು ಸಾಲಿನಿಂದ ಮುಂದಿನ ಸಾಲಿಗೆ ಇಳಿಸುವಷ್ಟರಲ್ಲಿ ಬಿಟ್ಟುಬಿಡುತ್ತಿದ್ದಳು. ಗಣಿತ ತಲೆಗೆ ಹತ್ತುವುದಿಲ್ಲ ಅಂತ ಅಳುತ್ತಿದ್ದವಳಿಗೆ ಅಕ್ಕೋರು ಆ ಹಾಳೆ ತೋರಿಸಿ, "ನಿನಗ ಗಣಿತ ಬರ್ತೈತಿ ಮಗಾ, ಅವಸರ ಭಾಳ ಮಾಡ್ತಿ" ಅಂದರಂತೆ. ಅಲ್ಲಿಂದ ಪ್ರತಿ ಸಾಲು ಮುಗಿದ ಮೇಲೆ ಚಿಹ್ನೆಗಳನ್ನು ಬೆರಳಿಟ್ಟು ನೋಡಿಯೇ ಮುಂದೆ ಹೋಗುವ ರೂಢಿ ಮಾಡಿಸಿದರು. ಟ್ಯೂಷನ್‌ಗೆ ಕಳಿಸದೆಯೇ ಗಣಿತ ಅವಳ ಕೈಗೆ ಹತ್ತಿತು. ಈಗ ಪಿಯುಸಿಯಲ್ಲಿ ಸೈನ್ಸ್ ಓದುತ್ತಿದ್ದಾಳೆ, ಅದೇ ರೂಢಿ ಇಟ್ಟುಕೊಂಡಿದ್ದಾಳೆ.

ಸಮಾಜ ವಿಜ್ಞಾನದವರೂ ಚೆನ್ನಾಗಿ ಹಿಡಿಯುತ್ತಾರೆ. ಬೆಳಿಗ್ಗೆ ವಿಶೇಷ ತರಗತಿಯಲ್ಲಿ ದಿನಕ್ಕೊಂದು ಭಾರತದ ನಕ್ಷೆ ಬಿಡಿಸಲೇಬೇಕು. ನರ್ಮದಾ, ಹಿರಾಕುಡ್, ಕರ್ಕಾಟಕ ಸಂಕ್ರಾಂತಿ ವೃತ್ತ ಕಣ್ಣುಮುಚ್ಚಿ ಗುರುತಿಸುವಷ್ಟು ಅಭ್ಯಾಸ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಬಿದ್ದ ಮಕ್ಕಳನ್ನು ಅವರು ಬಿಡದಿರುವುದು. 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಇದ್ದವು, ಯಾವುದರಲ್ಲಿ ಹೆಚ್ಚು ಅಂಕ ಬಂತೋ ಅದೇ ಉಳಿಯುತ್ತಿತ್ತು. ನಮ್ಮ ಓಣಿಯ ಹುಡುಗನೊಬ್ಬ ಕಬ್ಬಿನ ಸೀಜನ್ ಪೂರ್ತಿ ಟ್ರ್ಯಾಕ್ಟರ್ ಹಿಂದೆ ತಿರುಗಿದವನು, 2025ರ ಪರೀಕ್ಷೆ 1ರಲ್ಲಿ ಗಣಿತ, ವಿಜ್ಞಾನ ಎರಡರಲ್ಲೂ ಹೋದ. ರಿಸಲ್ಟ್ ಬಂದ ವಾರದಲ್ಲೇ ಇಬ್ಬರು ಶಿಕ್ಷಕರು ಅವರ ಮನೆ ಕಟ್ಟೆಯ ಮೇಲೆ ಕೂತು ಅಪ್ಪನ ಜೊತೆ ಮಾತಾಡಿದರು. ಅಪ್ಪ, "ಇನ್ನೇನ್ ಓದತಾನ ಬಿಡ್ರಿ ಸರ, ಗಾಡಿ ಕಲತಾನ" ಅಂದ. ಅವರು ಎದ್ದು ಹೋಗಲಿಲ್ಲ. ಕಡೆಗೆ ಮೇ ತಿಂಗಳ ಆ ಬಿಸಿಲಲ್ಲಿ ಬೆಳಿಗ್ಗೆ ಏಳಕ್ಕೇ ತರಗತಿ ತೆಗೆದು, ಬಿದ್ದವರನ್ನೆಲ್ಲ ಕೂರಿಸಿ, ಮೇ ಕೊನೆಯಲ್ಲಿ ಶುರುವಾದ ಪರೀಕ್ಷೆ 2 ಬರೆಸಿದರು. ಹುಡುಗ ಪಾಸಾದ, ಐಟಿಐ ಸೇರಿದ. ಊರವರು ಬಾಯಲ್ಲಿ ಹೇಳುವ ಆ ಮೊದಲ ರಿಸಲ್ಟ್ ಅಂಕಿಯಲ್ಲಿ ಈ ಕೆಲಸ ಎಲ್ಲೂ ಕಾಣುವುದಿಲ್ಲ.

ಅದಕ್ಕೇ ಶಾಲೆ ನೋಡಲು ಹೋದವರು 'ಎಷ್ಟು ಪರ್ಸೆಂಟ್' ಅಂತ ಕೇಳಿ ವಾಪಸು ಬರಬೇಡಿ. ಎಂಟಕ್ಕೆ ಎಷ್ಟು ಮಕ್ಕಳು ಸೇರಿದ್ದರು, ಹತ್ತರ ಪರೀಕ್ಷೆಗೆ ಎಷ್ಟು ಮಂದಿ ಕೂತರು ಅಂತ ಕೇಳಿ. ಒಂಬತ್ತರಲ್ಲಿ ಕಲಿಕೆ ಕಡಿಮೆ ಇರುವ ಮಕ್ಕಳಿಗೆ ಟಿ.ಸಿ. ಕೊಟ್ಟು ಸಾಗಿಸಿ, ಉಳಿದವರಿಂದ ನೂರಕ್ಕೆ ನೂರು ತೋರಿಸುವ ಶಾಲೆಗಳೂ ಇವೆ. ಅಂಥ ಟಿ.ಸಿ. ಹಿಡಿದು ಬಂದ ಮಕ್ಕಳನ್ನೂ ನಮ್ಮ ಶಾಲೆ ಸೇರಿಸಿಕೊಂಡಿದೆ. ಇನ್ನೊಂದು ಲೆಕ್ಕ ನೆನಪಿಡಿ: ಹತ್ತರಲ್ಲಿ 40 ಮಕ್ಕಳಿದ್ದರೆ ಒಬ್ಬ ಹುಡುಗ ಬಿದ್ದರೆ ಶೇ 2.5 ಹೋಯಿತು. ನಾಲ್ಕು ಮಕ್ಕಳು ಕಬ್ಬಿನ ಗ್ಯಾಂಗ್ ಜೊತೆ ಹೋದರೆ ಶಾಲೆಯ ರಿಸಲ್ಟ್ ಶೇ 10 ಕುಸಿಯುತ್ತದೆ, ಪಾಠ ಅದೇ ಇದ್ದರೂ. ಏರಿದ ಅಂಕಿಯನ್ನೂ ಹೀಗೇ ನೋಡಬೇಕು. 2025-26ನೇ ಸಾಲಿನಿಂದ ಪಾಸಾಗುವ ನಿಯಮ ಸಡಿಲವಾಗಿದೆ. ಪ್ರತಿ ವಿಷಯಕ್ಕೆ ಕನಿಷ್ಠ ಶೇ 30, ಒಟ್ಟು ಶೇ 33, ಅಂದರೆ 625ಕ್ಕೆ 206 ಬಂದರೆ ಪಾಸು. ಮೊದಲು ಶೇ 35 ಬೇಕಿತ್ತು. ಇನ್ನು ಮುಂದೆ ಯಾವ ಶಾಲೆ 'ಈ ಸಲ ರಿಸಲ್ಟ್ ಏರಿಸಿದ್ದೇವೆ' ಅಂದರೂ, ಗಣಿತದಲ್ಲಿ 60ಕ್ಕಿಂತ ಮೇಲೆ ಎಷ್ಟು ಮಕ್ಕಳು ತಗೊಂಡರು ಅಂತ ಕೇಳಿ ನೋಡಿ.

ಕೊರತೆಗಳೂ ಇವೆ, ಅವನ್ನು ಮುಚ್ಚಿಟ್ಟು ಬರೆದರೆ ನಿಮಗೆ ಉಪಯೋಗವಿಲ್ಲ. ಇಂಗ್ಲಿಷ್ ಶಿಕ್ಷಕರ ಹುದ್ದೆ ಖಾಲಿ. ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಶಾಲೆ ಶುರುವಾಗಿ ಎಷ್ಟೋ ವಾರ ಕಳೆದಿರುತ್ತದೆ, ಮಾರನೇ ವರ್ಷ ಮತ್ತೊಬ್ಬರು ಬರುತ್ತಾರೆ. ಒಬ್ಬರು ಶುರು ಮಾಡಿದ ವ್ಯಾಕರಣವನ್ನು ಇನ್ನೊಬ್ಬರು ಮುಗಿಸುವುದಿಲ್ಲ. 2025ರ ದಸರಾ ರಜೆ ರಾಜ್ಯ ಸರ್ಕಾರದ ಜಾತಿ ಸಮೀಕ್ಷೆಗಾಗಿ ಅಕ್ಟೋಬರ್ 18ರವರೆಗೆ ಹಿಗ್ಗಿದಾಗ ಶಿಕ್ಷಕರೆಲ್ಲ ಮನೆ ಮನೆ ತಿರುಗುತ್ತಿದ್ದರು. ಆ ದಿನಗಳ ಪಾಠವನ್ನು ಗಣಿತದವರು ಶನಿವಾರ ಮಧ್ಯಾಹ್ನ ಕೂತು ತುಂಬಿಸಿಕೊಟ್ಟರು, ಬಾಕಿ ವಿಷಯಗಳದು ಹಾಗೇ ಉಳಿಯಿತು.

ಜನವರಿ ಬಂದರೆ ಸಾಕು, ಎಲ್ಲರ ಕೈಗೂ 'ಪಾಸಿಂಗ್ ಪ್ಯಾಕೇಜ್' ಕೊಡುತ್ತಾರೆ. ಇಷ್ಟೇ ಪ್ರಶ್ನೆ, ಇಷ್ಟೇ ಉತ್ತರ, ಇದನ್ನು ಓದಿದರೆ ಪಾಸು. ಬೀಳುವ ಅಂಚಿನಲ್ಲಿರುವ ಮಗುವಿಗೆ ಅದು ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ 80 ದಾಟಬಲ್ಲ ಮಗುವಿಗೂ ಅದೇ ಕಾಗದ ಕೊಟ್ಟು, ಉಳಿದ ಪಾಠ ಬಿಡು ಅನ್ನುವುದು ಅನ್ಯಾಯ. ನನ್ನ ಮಗಳಿಗೆ ಪ್ರಮೇಯಗಳಲ್ಲಿ ಒಂದೆರಡು ಬಿಟ್ಟು ಬೇರೆ ಏನನ್ನೂ ಆ ಎರಡು ತಿಂಗಳು ಮುಟ್ಟಿಸಲಿಲ್ಲ. ಮನೆಯಲ್ಲಿ ತಾನೇ ಕೂತು ಬಿಡಿಸಿದಳು. ಮುಂದೆ ಸೈನ್ಸ್ ಓದುವ ಮಕ್ಕಳಿರುವವರು ಡಿಸೆಂಬರ್‌ನಲ್ಲೇ ಹೋಗಿ, ನಮ್ಮ ಹುಡುಗನಿಗೆ ಪೂರ್ತಿ ಪಾಠ ನಡೆಯಲಿ ಅಂತ ಹೇಳಿ ಬನ್ನಿ. ಕೇಳಿದವರಿಗೆ ಮಾಡುತ್ತಾರೆ.

ಇನ್ನೊಂದು ನನಗೆ ಬಹಳ ನೋವಾದದ್ದು. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಅಂತ ಪರೀಕ್ಷೆ ಇದೆ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದವರೆಗೆ, ನಾಲ್ಕು ವರ್ಷ, ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಪಾಲಕರ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿರಬೇಕು. ಬೌದ್ಧಿಕ ಸಾಮರ್ಥ್ಯದ್ದು 90 ಪ್ರಶ್ನೆ, ಪಾಠದ್ದು 90 ಪ್ರಶ್ನೆ. ನಮ್ಮಂಥ ಮನೆಗೆ ಆ ದುಡ್ಡು ಎಷ್ಟು ದೊಡ್ಡದೆಂದು ಹೇಳಬೇಕಿಲ್ಲ. ನನ್ನ ಮಗನ ಸರದಿಯಲ್ಲಿ ಶಾಲೆಯವರು ಮಕ್ಕಳಿಗೆ ಬಾಯಿಮಾತಿನಲ್ಲಿ ಹೇಳಿ ಬಿಟ್ಟರು, ಪಾಲಕರಿಗೆ ತಿಳಿಸಲಿಲ್ಲ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅರ್ಜಿ ಹಾಕುವಷ್ಟರಲ್ಲಿ ದಿನ ಮುಗಿದಿತ್ತು. ಎಂಟಕ್ಕೆ ಸೇರಿಸುವವರು ಜಾತಿ-ಆದಾಯ ಪತ್ರವನ್ನು ಜೂನ್‌ನಲ್ಲೇ ಮಾಡಿಸಿಟ್ಟುಕೊಳ್ಳಿ, ಅರ್ಜಿ ಯಾವಾಗ ಅಂತ ಹೆಡ್ ಮಾಸ್ತರರನ್ನು ನೀವೇ ಕೇಳುತ್ತಿರಿ.

ಪ್ರಯೋಗಾಲಯ ಇದೆ, ಬಾಗಿಲು ತೆರೆಯುವುದು ಅಪರೂಪ. ಶೌಚಾಲಯ ಚೊಕ್ಕಟ. ಊಟ, ಮೊಟ್ಟೆ, ಹಾಲು ಸರಿಯಾಗಿ ಸಿಗುತ್ತವೆ.

ಪಟ್ಟಣದ ಇಂಗ್ಲಿಷ್ ಮೀಡಿಯಂ ಶಾಲೆಗೆ ಕಳಿಸುವ ಶಕ್ತಿ ಇದ್ದವರೂ ನನ್ನನ್ನು ಕೇಳುತ್ತಾರೆ. ಮಗುವಿಗೆ ಇಂಗ್ಲಿಷ್ ಈಗಾಗಲೇ ಹಿಡಿತಕ್ಕೆ ಬಂದಿದ್ದು, ಮನೆಯಲ್ಲಿ ಓದಿಸುವವರಿದ್ದರೆ ನೀವು ಯಾವ ಶಾಲೆಗಾದರೂ ಕಳಿಸಿ. ಗಣಿತದಲ್ಲಿ ಹಿಂದೆ ಬಿದ್ದ ಮಗು, ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಗು, ಕೆಲಸಕ್ಕೆ ಹೋಗಿ ಬಂದು ಓದುವ ಮಗು ಇದ್ದರೆ ಇದೇ ಶಾಲೆಗೆ ಹಾಕಿ. ಇಂಥ ಮಕ್ಕಳನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ಇವರಷ್ಟು ಮನಸ್ಸಿಟ್ಟು ಮಾಡುವವರನ್ನು ನಮ್ಮ ಸುತ್ತಿನ ಹಳ್ಳಿಗಳಲ್ಲಿ ನಾನು ಕಂಡಿಲ್ಲ.

ಇಂಗ್ಲಿಷ್ ಹುದ್ದೆಗೆ ಕಾಯಂ ಶಿಕ್ಷಕರನ್ನು ಕೊಡಿ ಅಂತ ಪಾಲಕರೆಲ್ಲ ಸೇರಿ ಇಲಾಖೆಗೆ ಒಂದು ಅರ್ಜಿ ಬರೆದಿದ್ದೇವೆ. ಅದು ನನ್ನ ಮನೆಯಲ್ಲೇ ಇದೆ. ಎಂಟು, ಒಂಬತ್ತು, ಹತ್ತರಲ್ಲಿ ಮಕ್ಕಳಿರುವವರು ಬಂದು ಸಹಿ ಮಾಡಿ. ಈ ಸಲ ಏಳರಿಂದ ಎಂಟಕ್ಕೆ ಬರುವ ಮಕ್ಕಳ ತಾಯಂದಿರೂ ಮಾಡಬಹುದು.