ಕಾಗೆಯನ್ನೂ ಬರೆಸಿಕೊಳ್ಳುವ ಆ್ಯಪ್: ಇ-ಬರ್ಡ್, ಮರ್ಲಿನ್ ಮತ್ತು ನಮ್ಮ ಐದು ಮಕ್ಕಳು

ಜುಲೈನಿಂದ ನಮ್ಮ ಶಾಲೆಯ ಏಳನೇ ಕ್ಲಾಸಿನ ಐದು ಮಕ್ಕಳ ಜೊತೆ ಎರಡು ಆ್ಯಪ್ ಬಳಸುತ್ತಿದ್ದೇನೆ. ಒಂದು ಹಕ್ಕಿಯ ಗುರುತು ಹೇಳುವ ಮರ್ಲಿನ್, ಇನ್ನೊಂದು ಕಂಡ ಹಕ್ಕಿಗಳ ಲೆಕ್ಕ ಬರೆದಿಡುವ ಇ-ಬರ್ಡ್. ಎರಡೂ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದವು. ಎರಡೂ ಪುಕ್ಕಟೆ. ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ಒಂದು ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಭತ್ತದ ಗದ್ದೆ, ಇನ್ನೊಂದು ಕಡೆ ಬಂಡೆಗಲ್ಲಿನ ಗುಡ್ಡ. ಹಕ್ಕಿಗೆ ಬರವಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಮಕ್ಕಳಿಗೆ ಮರ್ಲಿನ್ ಇಷ್ಟ, ನನಗೆ ಇ-ಬರ್ಡ್.

ಮರ್ಲಿನ್ ಯಾಕೆ ಇಷ್ಟ ಅಂದರೆ ಅದರಲ್ಲಿ ಜಾದೂ ಇದೆ. ಫೋನ್ ಹಿಡಿದು ನಿಂತರೆ ಸಾಕು, ಕೂಗುತ್ತಿರುವ ಹಕ್ಕಿ ಯಾವುದಿರಬಹುದು ಅಂತ ಹೆಸರು, ಚಿತ್ರ ಎರಡೂ ಬರುತ್ತವೆ. ಫೋಟೋ ತೋರಿಸಿದರೂ ಹೇಳುತ್ತದೆ. ನಮ್ಮ ಭಾಗದ ಹಕ್ಕಿಗಳ ಪ್ಯಾಕ್ ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಗುಡ್ಡದಲ್ಲೂ ನಡೆಯುತ್ತದೆ. ಆದರೆ ಮೊದಲ ಭಾನುವಾರ ಏನಾಯಿತು ಗೊತ್ತಾ? ಹಕ್ಕಿ ಬಳ್ಳಾರಿ ಜಾಲಿಯ ಮೇಲೆ, ಐದೂ ತಲೆ ಫೋನಿನ ಮೇಲೆ. ಒಬ್ಬ ಹುಡುಗ ತಾನೇ ಕೋಗಿಲೆ ಹಾಗೆ ಕೂಗಿ ಫೋನಿಗೆ ಪರೀಕ್ಷೆ ಇಟ್ಟ, ಉಳಿದವರು ಬದುವಿನ ಮೇಲೆ ಬಿದ್ದು ಬಿದ್ದು ನಕ್ಕರು, ಇದ್ದ ಹಕ್ಕಿಗಳೂ ಹಾರಿಹೋದವು. ಆ್ಯಪ್ ಕೊಡುವುದು ಸಲಹೆ ಮಾತ್ರ, ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಬೇಕು ಅಂತ ಅದನ್ನು ಮಾಡಿದವರೇ ಹೇಳುತ್ತಾರೆ. ಹಾಗಾಗಿ ಈಗ ಒಂದು ಕಟ್ಟಳೆ ಮಾಡಿದ್ದೇವೆ. ಮೊದಲು ಹಕ್ಕಿ ನೋಡಬೇಕು. ಕೊಕ್ಕು, ಬಾಲ, ಬಣ್ಣ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಫೋನ್ ಕೊನೆಗೆ.

ಇ-ಬರ್ಡ್‌ನಲ್ಲಿ ಜಾದೂ ಗೀದೂ ಏನೂ ಇಲ್ಲ. ಶುರು ಒತ್ತಿದರೆ ಸಮಯ, ನಡೆದ ದೂರ ತಾನೇ ಲೆಕ್ಕ ಇಟ್ಟುಕೊಳ್ಳುತ್ತದೆ. ನಾವು ಯಾವ ಹಕ್ಕಿ, ಎಷ್ಟು ಅಂತ ತುಂಬುತ್ತಾ ಹೋಗಬೇಕು. ಕಳಿಸುವ ಮುಂಚೆ ಒಂದು ಪ್ರಶ್ನೆ ಕೇಳುತ್ತದೆ: ಗುರುತು ಸಿಕ್ಕ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ? ಈ ಪ್ರಶ್ನೆಯೇ ಈ ಆ್ಯಪಿನ ಜೀವ ಅಂತ ನನಗನಿಸುತ್ತದೆ. ನಮ್ಮ ಒಬ್ಬ ಹುಡುಗಿ ಕೇಳಿದಳು, "ಟೀಚರ್, ಕಾಗೀನೂ ಬರೀಬೇಕೇನ್ರೀ?" ಹೌದು, ಕಾಗೆಯನ್ನೂ. ಕಾಗೆ ಬಿಟ್ಟು ಬರೀ ಚಂದದ ಹಕ್ಕಿ ಬರೆದು ಪಟ್ಟಿ ಪೂರ್ತಿ ಅಂದರೆ, ಆ ದಿನ ಆ ಜಾಗದಲ್ಲಿ ಕಾಗೆ ಕಂಡಿಲ್ಲ ಅಂತ ದಾಖಲಾಗುತ್ತದೆ. ನಾಳೆ ನಿಜಕ್ಕೂ ಕಾಗೆ ಕಮ್ಮಿಯಾದರೆ ಗೊತ್ತಾಗುವುದು ಹೇಗೆ?

ಎಣಿಸುವುದು ಸುಲಭ ಅಂದುಕೊಂಡಿದ್ದೆ. ಅಲ್ಲ. ಹರಟೆಮಲ್ಲನ ಗುಂಪೊಂದು ಬೇಲಿಯಲ್ಲಿ ಗಲಾಟೆ ಮಾಡುತ್ತಿತ್ತು. ಒಬ್ಬ 7 ಅಂದ, ಇನ್ನೊಬ್ಬಳು 11 ಅಂದಳು, ಜಗಳವೇ ಶುರುವಾಯಿತು. ಸುಮ್ನೆ ಕೂತು ಕಾದೆವು. ಸ್ವಲ್ಪ ಹೊತ್ತಿಗೆ ಅವು ಒಂದೊಂದಾಗಿ ಕುಪ್ಪಳಿಸಿ ದಾರಿ ದಾಟತೊಡಗಿದವು, ಮಕ್ಕಳು ಉಸಿರು ಬಿಗಿಹಿಡಿದು ಬೆರಳು ಮಡಚಿದರು. 9. ಇಬ್ಬರೂ ಸೋತರು, ಇಬ್ಬರಿಗೂ ಖುಷಿ. ನಾಟಿಗೆ ಗದ್ದೆ ಕೆಸರು ಮಾಡುವ ಟ್ರ್ಯಾಕ್ಟರ್ ಹಿಂದೆ ಬರುವ ಬೆಳ್ಳಕ್ಕಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಹತ್ತನ್ನು ಎಣಿಸಿ, ಅಂಥ ಹತ್ತು ಎಷ್ಟಿವೆ ಅಂತ ಅಂದಾಜು ಮಾಡುತ್ತೇವೆ. ಒಮ್ಮೆ ನಾನೇ 140 ಹಾಕುವ ಕಡೆ 410 ಒತ್ತಿಬಿಟ್ಟೆ. ಆ ಜಾಗಕ್ಕೆ, ಆ ಕಾಲಕ್ಕೆ ಜಾಸ್ತಿ ಅನಿಸುವ ಅಂಕಿ ಬಂದರೆ ಆ್ಯಪ್ ವಿವರಣೆ ಕೇಳುತ್ತದೆ. ಕೇಳಿತು. ಟೀಚರ್ ತಪ್ಪು ಮಾಡಿದರು ಅನ್ನುವ ಸುದ್ದಿ ಸೋಮವಾರ ಪ್ರಾರ್ಥನೆಗೆ ಮುಂಚೆಯೇ ಇಡೀ ಶಾಲೆಗೆ ಗೊತ್ತಾಗಿತ್ತು.

ಈ ಲೆಕ್ಕವೆಲ್ಲ ಯಾರಿಗೆ ಬೇಕು ಅಂತ ಒಬ್ಬ ಪಾಲಕರು ಕೇಳಿದರು. ಅವರಿಗೆ 2023ರ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ಬಗ್ಗೆ ಹೇಳಿದೆ. ಇ-ಬರ್ಡ್‌ಗೆ ಸುಮಾರು 30,000 ಪಕ್ಷಿವೀಕ್ಷಕರು ಹಾಕಿದ ಮಾಹಿತಿಯಿಂದಲೇ 942 ಬಗೆಯ ಹಕ್ಕಿಗಳ ಸ್ಥಿತಿಯನ್ನು ಅದರಲ್ಲಿ ನೋಡಿದ್ದಾರೆ. ನಮ್ಮ ರಾಜ್ಯ ಪಕ್ಷಿ ನೀಲಕಂಠ ಅದರಲ್ಲಿ ಕಮ್ಮಿಯಾಗುತ್ತಿರುವ ಹಕ್ಕಿಗಳ ಸಾಲಿನಲ್ಲಿದೆ. ಅದೇ ನೀಲಕಂಠ ಕಾಲುವೆ ಪಕ್ಕದ ಕರೆಂಟ್ ತಂತಿ ಮೇಲೆ ಕೂತಿರುತ್ತದೆ, ಮಕ್ಕಳು ಪ್ರತಿ ವಾರ ಒಂದೋ ಎರಡೋ ಅಂತ ಬರೆಯುತ್ತಾರೆ. ಪಾಲಕರು "ಹಂಗಾರ ಬರೀಲಿ ಬಿಡ್ರಿ" ಅಂದರು.

ಕೊರತೆ ಅಂದರೆ ಭಾಷೆ. ನಾವು ಎರಡನ್ನೂ ಇಂಗ್ಲಿಷಿನಲ್ಲೇ ಬಳಸುತ್ತಿದ್ದೇವೆ, ಕನ್ನಡ ಮಾಧ್ಯಮದ ಮಕ್ಕಳಿಗೆ ಅದು ಗುಡ್ಡ ಹತ್ತಿದ ಹಾಗೆ. ಅದಕ್ಕೇ ನೋಟ್‌ಬುಕ್ಕಿನಲ್ಲಿ ಕೆಂಬೂತ, ಕಾಜಾಣ, ಗೊರವಂಕ ಅಂತ ಬರೆಸಿ, ಮನೆಗೆ ಬಂದ ಮೇಲೆ ನಾನು ಆ್ಯಪಿಗೆ ಏರಿಸುತ್ತೇನೆ. ಖಾತೆಯೂ ನನ್ನ ಹೆಸರಲ್ಲೇ ಇದೆ, ಮಕ್ಕಳ ಹೆಸರು, ಊರು ಎಲ್ಲೂ ಹಾಕುವುದಿಲ್ಲ. ಜಿಪಿಎಸ್ ಹಾಕಿಕೊಂಡು ನಡೆದರೆ ಹಳೆ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ, ಪೂರ್ತಿ ಚಾರ್ಜ್ ಮಾಡಿಕೊಂಡು ಹೊರಡಿ.

ಬೈನಾಕ್ಯುಲರ್ ಕಥೆ ಬೇರೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಒಂದು ತರಿಸಿದೆ, ಅದರಲ್ಲಿ ಒಂದು ಮಿಂಚುಳ್ಳಿ ಎರಡಾಗಿ ಕಾಣುತ್ತದೆ. ಮಕ್ಕಳು ಈಗ ಒಂದು ಕಣ್ಣು ಮುಚ್ಚಿಕೊಂಡೇ ನೋಡುತ್ತಾರೆ. ಕೊಳ್ಳುವುದಾದರೆ 8x42 (ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ಅಂತ ಇರುವುದನ್ನು ಕೈಯಲ್ಲಿ ಹಿಡಿದು, ಅಂಗಡಿ ಹೊರಗೆ ಬಂದು ದೂರದ ಬೋರ್ಡ್ ಓದಿ ನೋಡಿ ಕೊಳ್ಳಿ.

ಅಂಕ ಕೊಡಿ ಅಂದರೆ ಇ-ಬರ್ಡ್‌ಗೆ ಐದಕ್ಕೆ ನಾಲ್ಕೂವರೆ, ಮರ್ಲಿನ್‌ಗೆ ನಾಲ್ಕು. ಹೊಸಬರು ಇ-ಬರ್ಡ್ ಮೊದಲು ಹಾಕಿಕೊಳ್ಳಿ. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಕ್ಕಿ ಎಣಿಕೆ ನಡೆಯುತ್ತದೆ, ಒಂದು ಜಾಗದಲ್ಲಿ 15 ನಿಮಿಷ ಕೂತು ಎಣಿಸಿದರೂ ಸಾಕು. ನಾವು ಶಾಲೆಯ ಬೇವಿನ ಮರದ ಕೆಳಗೇ ಕೂರುವುದು ಅಂತಾಗಿದೆ. ಕಾಗೆ ಲೆಕ್ಕ ಆ ಹುಡುಗಿಯದೇ. ಹೋದ ಕಾಗೆ ತಿರುಗಿ ಬಂದರೆ ಅದನ್ನು ಮತ್ತೆ ಎಣಿಸಬಾರದು ಅಂತ ಹೇಳಿದ್ದಕ್ಕೆ, ಅದೇ ಕಾಗೆ ಅಂತ ಗೊತ್ತಾಗುವುದು ಹೇಗೆ ಅಂತ ಎರಡು ವಾರದಿಂದ ನನ್ನ ಬೆನ್ನು ಹತ್ತಿದ್ದಾಳೆ.