ದೂರು ವಾಪಸ್ಸಾದರೆ ಮುಗಿಯಿತು ಎಂದು ನಂಬಿ ಕೆಟ್ಟೆ: ವಕೀಲ ಮಿತ್ರರಿಗೆ ಎಚ್ಚರಿಕೆ

ನಿನ್ನೆ ನಮ್ಮ ವಕೀಲರ ಸಂಘದ ಕೊಠಡಿಯಲ್ಲಿ ಹಿರಿಯರೊಬ್ಬರು, ಸನ್ನದು ಪಡೆದು ಮೂರು ವರ್ಷವೂ ತುಂಬದ ಹುಡುಗನ ಹೆಗಲ ಮೇಲೆ ಕೈಯಿಟ್ಟು, "ಯಾಕ್ರೀ ತಲೆ ಕೆಡಿಸ್ಕೊಳ್ತೀರಿ, ನಾನಿದ್ದೀನಲ್ಲ" ಎನ್ನುತ್ತಿದ್ದರು. ಹುಡುಗನ ಕೈಯಲ್ಲಿ ರಾಜ್ಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್) ಕಂದು ಲಕೋಟೆ ಇತ್ತು. ಎರಡು ವರ್ಷದ ಹಿಂದೆ ಅಂಥದೇ ಲಕೋಟೆ ಹಿಡಿದು ಅದೇ ಕುರ್ಚಿಯಲ್ಲಿ ಕುಳಿತಿದ್ದವನು ನಾನು. ನಾಚಿಕೆಯಿಂದ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ, ಈಗ ಬರೆಯುತ್ತಿದ್ದೇನೆ.

ಆಸ್ತಿ ವಿಭಾಗದ ದಾವೆಯೊಂದರಲ್ಲಿ ನನ್ನ ಕಕ್ಷಿದಾರರು ಬೇರೆ ವಕೀಲರನ್ನು ಇಟ್ಟುಕೊಳ್ಳುವುದಾಗಿ ಹೇಳಿ, ಅದಕ್ಕೆ ನನ್ನ ಆಕ್ಷೇಪವಿಲ್ಲ ಎಂಬ ಪತ್ರ, ಅಂದರೆ ಎನ್‌ಒಸಿಯನ್ನೂ ಕಡತವನ್ನೂ ಕೇಳಿದರು. ಬಾಕಿ ಫೀಸು ಕೊಡದೆ ಕಾಗದ ಬಿಡುವುದಿಲ್ಲ ಎಂದೆ. ಫೀಸು ಬಾಕಿಯಿದೆಯೆಂದು ಕಕ್ಷಿದಾರನ ಕಡತವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲನಿಗಿಲ್ಲ, ಹಾಗೆ ಮಾಡುವುದು ವೃತ್ತಿ ದುರ್ನಡತೆ ಎಂದು ಸುಪ್ರೀಂ ಕೋರ್ಟ್ ಆರ್‌.ಡಿ. ಸಕ್ಸೇನಾ ಪ್ರಕರಣದಲ್ಲಿ 2000ರಲ್ಲೇ ಹೇಳಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಿಡಿದಿಟ್ಟುಕೊಂಡೆ. ತಪ್ಪು ನನ್ನದೇ, ಮುಚ್ಚಿಡುವುದಿಲ್ಲ.

ಅವರು ವಕೀಲರ ಅಧಿನಿಯಮ 1961ರ 35ನೇ ಕಲಮಿನಡಿ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಟ್ಟರು. ದೂರಿನ ಪ್ರತಿಯೊಂದಿಗೆ, ವಿವರಣೆ ಸಲ್ಲಿಸಿ ಎಂಬ ಪತ್ರ ಬಂತು. ಈ ಘಟ್ಟ ಎಷ್ಟು ಮುಖ್ಯವೆಂಬುದು ನನಗೆ ಹೊಳೆಯಲಿಲ್ಲ. ಮೇಲ್ನೋಟಕ್ಕೆ ಹುರುಳಿದೆ ಎನಿಸಿದಾಗಲೇ ಪರಿಷತ್ತು ದೂರನ್ನು ಮೂವರ ಶಿಸ್ತು ಸಮಿತಿಗೆ ಒಪ್ಪಿಸುವುದು. ಅಂದೇ ಕಡತ ಹಿಂದಿರುಗಿಸಿ, ಅದರ ಸ್ವೀಕೃತಿಯನ್ನೂ ಪಡೆದ ಹಣದ ಲೆಕ್ಕವನ್ನೂ ಲಗತ್ತಿಸಿ, ಎರಡು ಪುಟದಲ್ಲಿ ಇದ್ದದ್ದನ್ನು ಇದ್ದಂತೆ ಬರೆದಿದ್ದರೆ ಬಹುಶಃ ಅಲ್ಲಿಗೇ ನಿಲ್ಲುತ್ತಿತ್ತು.

ನಾನು ಹೋದದ್ದು ಈ ಹಿರಿಯರ ಬಳಿಗೆ. "ಉತ್ತರ ಗಿತ್ತರ ಏನೂ ಕೊಡ್ಬೇಡಿ, ಕೊಟ್ರೆ ಒಪ್ಕೊಂಡ ಹಾಗೆ. ನಲವತ್ತು ಸಾವಿರ ರೆಡಿ ಮಾಡಿ, ಪಾರ್ಟೀನ ನಾನು ನೋಡ್ಕೋತೀನಿ" ಎಂದರು. 40,000 ರೂಪಾಯಿ ನಗದು ಕೊಟ್ಟೆ. ರಸೀದಿಯಿಲ್ಲ. ಹದಿನೈದು ದಿನಗಳಲ್ಲಿ, "ದೂರನ್ನು ಸ್ವಇಚ್ಛೆಯಿಂದ ಹಿಂಪಡೆಯುತ್ತಿದ್ದೇನೆ" ಎಂಬ ನೋಟರಿ ಮಾಡಿಸಿದ ಪ್ರಮಾಣಪತ್ರ ತಂದುಕೊಟ್ಟರು. ನಾನು ಅದನ್ನು ಪರಿಷತ್ತಿಗೆ ಕಳಿಸಿ, ಮನೆಗೆ ಮೈಸೂರುಪಾಕು ತೆಗೆದುಕೊಂಡು ಹೋದೆ. ವಿವರಣೆಗೆ ಕೊಟ್ಟಿದ್ದ ಗಡುವು ಅಷ್ಟರಲ್ಲಿ ಕಳೆದಿತ್ತು.

ನಾಲ್ಕು ತಿಂಗಳ ಮೇಲೆ ಶಿಸ್ತು ಸಮಿತಿಯ ನೋಟಿಸು ಬಂತು. ಅಂದು ರಾತ್ರಿ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳನ್ನು ಮೊದಲ ಬಾರಿ ಪೂರ್ತಿ ಓದಿದೆ. ದೂರನ್ನು ಹಿಂಪಡೆದ ಅಥವಾ ರಾಜಿಯಾದ ಕಾರಣಕ್ಕಷ್ಟೇ ಶಿಸ್ತು ವಿಚಾರಣೆಯನ್ನು ಕೈಬಿಡುವಂತಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಒಂದೇ ವಾಕ್ಯ. ನಲವತ್ತು ಸಾವಿರ ಕೊಡುವ ಮುನ್ನ ಓದಬೇಕಿದ್ದ ಒಂದೇ ಒಂದು ವಾಕ್ಯ.

ಬೆಳಿಗ್ಗೆ ಹಿರಿಯರನ್ನು ಹಿಡಿದು ಕೇಳಿದೆ. "ದೂರು ವಾಪಸ್ ತೆಗೆಸ್ತೀನಿ ಅಂದಿದ್ದೆ, ತೆಗೆಸಿದ್ದೀನಿ. ಕೇಸು ಮುಗಿಸ್ತೀನಿ ಅಂದಿದ್ನಾ?" ಎಂದರು. ನಿಯಮ ತೋರಿಸಿದೆ. ಕನ್ನಡಕ ತೆಗೆದು ಒರೆಸುತ್ತಾ, "ನೀವೂ ಲಾಯರೇ ಅಲ್ವೇನ್ರೀ? ರೂಲ್ಸು ಓದ್ಬೇಕಿತ್ತು" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಸಮಿತಿಯ ಮುಂದೆ ಇನ್ನಷ್ಟು ಕಾದಿತ್ತು. ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ನನ್ನ ಹಳೆಯ ಕಕ್ಷಿದಾರರು ತಾವೇ ಮಾತಾಡಿಸಿದರು: "ಸ್ವಾಮಿ, ಹತ್ತು ಸಾವಿರ ಕೊಟ್ಟು ಸೈನು ಹಾಕಿಸ್ಕೊಂಡ್ರು. ನಾನು ಕೇಳಿದ್ದು ದುಡ್ಡಲ್ಲ, ನಮ್ಮಪ್ಪನ ಕ್ರಯಪತ್ರ." ಆ ಕ್ರಯಪತ್ರ ಆಗಲೂ ನನ್ನ ಕಚೇರಿಯ ಬೀರುವಿನಲ್ಲಿತ್ತು. ಉಳಿದ ಮೂವತ್ತು ಸಾವಿರದ ಬಗ್ಗೆ ಹಿರಿಯರು ಆಮೇಲೆ ಹೇಳಿದ್ದು ಇಷ್ಟೆ: "ಓಡಾಟಕ್ಕೆ ಖರ್ಚಾಗಲ್ವಾ?"

ಸಮಿತಿಯವರು ಫೀಸಿನ ಲೆಕ್ಕ ಕೇಳಿದರು, ನನ್ನ ಬಳಿ ಇದ್ದದ್ದು ಡೈರಿಯ ಮೂರು ಸಾಲು. ಪ್ರಮಾಣಪತ್ರ ಹೇಗೆ ಬಂತು ಎಂದು ಕೇಳಿದರು, ತಲೆ ತಗ್ಗಿಸಿದೆ. ಕೊನೆಗೆ ಛೀಮಾರಿಯ ಆದೇಶವಾಯಿತು. ಭಾರತೀಯ ವಕೀಲರ ಪರಿಷತ್ತಿಗೆ ಮೇಲ್ಮನವಿ ಸಲ್ಲಿಸಲು 60 ದಿನಗಳಿದ್ದವು. ಯಾವ ಮುಖ ಹೊತ್ತು ಹೋಗಲಿ ಎಂದು ಸುಮ್ಮನಾದೆ.

ಆದ್ದರಿಂದ, ಪತ್ರ ಬಂದವರು ದಯವಿಟ್ಟು ಕೇಳಿ. ಗಡುವಿನೊಳಗೆ ನೀವೇ ಉತ್ತರ ಬರೆಯಿರಿ, ಇಲ್ಲವೇ ಫೀಸು ಕೊಟ್ಟು, ರಸೀದಿ ಪಡೆದು ಒಬ್ಬ ವಕೀಲರನ್ನು ನೇಮಿಸಿಕೊಳ್ಳಿ. ಕಡತವನ್ನು ಮೊದಲು ಹಿಂದಿರುಗಿಸಿ. "ಸಂಪೂರ್ಣ ಸುಳ್ಳು, ಕಪೋಲಕಲ್ಪಿತ" ಎಂಬ ಪ್ರತಿವಾದ ಪತ್ರದ ಭಾಷೆ ಅಲ್ಲಿ ಬೇಡ. ಸಿಟ್ಟಿನಲ್ಲಿ ಕಕ್ಷಿದಾರನ ಮನೆಯ ಗುಟ್ಟುಗಳನ್ನು ಉತ್ತರದಲ್ಲಿ ತುಂಬಬೇಡಿ. ಅವರು ನಂಬಿ ಹೇಳಿದ್ದನ್ನು ಕಾಯುವ ಹೊಣೆ ದೂರು ಕೊಟ್ಟ ಮಾತ್ರಕ್ಕೆ ತೀರುವುದಿಲ್ಲ, ನಿಮ್ಮ ಸಮರ್ಥನೆಗೆ ಬೇಕಾದಷ್ಟನ್ನೇ ಹೇಳಿ. ಮತ್ತು ಹೆಗಲ ಮೇಲೆ ಕೈಯಿಡುವವರಿಂದ ದೂರವಿರಿ.

ನಿನ್ನೆ ಆ ಹುಡುಗನಿಗೆ ಇದನ್ನೆಲ್ಲ ಹೇಳಿಬಿಡಬೇಕೆಂದು ಕುರ್ಚಿಯಿಂದ ಎದ್ದೆ. ನಾನು ಬಾಯಿ ತೆರೆಯುವ ಮುನ್ನವೇ ಹಿರಿಯರು ನನ್ನತ್ತ ಕೈ ತೋರಿಸಿ, "ಬೇಕಾದ್ರೆ ಇವರನ್ನೇ ಕೇಳಿ, ಇವರ ಕೇಸೂ ನಾನೇ ನೋಡ್ಕೊಂಡಿದ್ದು" ಎಂದರು.